ಅಕ್ಕನ ಎನ್‌ಐಡಬ್ಲ್ಯು ಅಪೀಲೂ ಡಿಸ್ಮಿಸ್ ಆಯ್ತು, ಈಗ ಮೋಶನ್‌ಗೆ ದುಡ್ಡು ಹಾಕೋದಾ ಬೇಡ್ವಾ?

ಹೇಮಾವತಿ_ದಂಡೆ:

ನಮಸ್ಕಾರ ಎಲ್ರಿಗೂ. ಅಮೆರಿಕಾ ವೀಸಾ ವಿಷ್ಯ ತಿಳಿದಿರೋರು ಇಲ್ಲಿ ಸುಮಾರು ಜನ ಇದೀರಾ ಅಂತ ಕೇಳ್ತಿದೀನಿ, ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ.

ನಾನಿರೋದು ಹಾಸನದಲ್ಲಿ. ನಮ್ಮಕ್ಕ ಮ್ಯಾಥ್ಸ್ ಟೀಚರ್. ಎಮ್ಮೆಸ್ಸಿ ಬಿಎಡ್ ಮಾಡ್ಕೊಂಡು ಇಲ್ಲೇ ಒಂದು ಪ್ರೈವೇಟ್ ಹೈಸ್ಕೂಲಲ್ಲಿ ಪಾಠ ಮಾಡ್ತಿದ್ಲು, ಆಮೇಲೆ ಜೆ-1 ಅನ್ನೋ ವಿನಿಮಯ ಕಾರ್ಯಕ್ರಮದ ವೀಸಾದಲ್ಲಿ ಅಮೆರಿಕಾಗೆ ಹೋದ್ಲು, ಅಲ್ಲಿ ಪಬ್ಲಿಕ್ ಸ್ಕೂಲಲ್ಲಿ ಆರು ಏಳನೇ ಕ್ಲಾಸ್ ಮಕ್ಳಿಗೆ ಲೆಕ್ಕ ಹೇಳ್ಕೊಡೋದು, ಈಗ ಅದೇ ಸ್ಕೂಲ್ ಡಿಸ್ಟ್ರಿಕ್ಟ್‌ನವ್ರು ಎಚ್-1ಬಿ (ಕೆಲಸದ ವೀಸಾ) ಮಾಡ್ಸಿದಾರೆ. ಗ್ರೀನ್ ಕಾರ್ಡ್ ಸ್ಪಾನ್ಸರ್ ಮಾಡಿ ಅಂದ್ರೆ ಎಚ್‌ಆರ್‌ನವ್ರು ನಮ್ಮಲ್ಲಿ ಆ ಪದ್ಧತಿ ಇಲ್ಲ ಅಂದ್ರಂತೆ. ಆಗ ಯಾರೋ ಒಬ್ರು ಲಾಯರು, ನೀವು ಸ್ಕೂಲ್ ಹಂಗಿಲ್ದೆ ನೀವೇ ಅರ್ಜಿ ಹಾಕ್ಬೋದು, ಇಬಿ-2 ಅನ್ನೋ ಉದ್ಯೋಗದ ಗ್ರೀನ್ ಕಾರ್ಡ್ ವರ್ಗದಲ್ಲಿ ನ್ಯಾಷನಲ್ ಇಂಟರೆಸ್ಟ್ ವೇವರ್ (ಎನ್‌ಐಡಬ್ಲ್ಯು) ಅಂತ ಇದೆ, ದೇಶದ ಹಿತಕ್ಕೆ ಅಂತ ಕೆಲಸದ ಆಫರ್ ಷರತ್ತು ಬಿಟ್ಟುಕೊಡೋದು, ದೇಶಕ್ಕೆ ಟೀಚರ್ ಕೊರತೆ ಇದೆ, ನಿಮ್ಮ ಕೇಸ್ ಸ್ಟ್ರಾಂಗ್ ಅಂತ ಹೇಳಿ ಐ-140 ಅನ್ನೋ ಅರ್ಜಿ ಹಾಕ್ಸಿದ್ರು.

ಪೇಪರ್ ಹೊಂದಿಸಿದ್ದು ನಾನೇ. ಹಳೇ ಸ್ಕೂಲಿನ ಅನುಭವದ ಸರ್ಟಿಫಿಕೇಟ್‌ಗೆ ಬಿಇಓ ಆಫೀಸಲ್ಲಿ ಮೇಲುಸಹಿ ಹಾಕ್ಸೋಕೆ ಎಷ್ಟು ಅಲ್ದಿದೀನಿ ಅಂತ ನಂಗೇ ಗೊತ್ತು. ಅಲ್ಲಿಯ ಪ್ರಿನ್ಸಿಪಾಲ್ ಲೆಟರ್, ಜೊತೆ ಟೀಚರ್‌ಗಳ ಲೆಟರ್, ಪೇರೆಂಟ್ಸ್ ಬರೆದ ಲೆಟರ್, ಮಕ್ಕಳ ಮಾರ್ಕ್ಸ್ ಏರಿದ ಚಾರ್ಟು, ಇಷ್ಟು ದಪ್ಪ ಕಟ್ಟು. ಅಕ್ಕನದೇ ಒಂದು ಪದ್ಧತಿ ಇದೆ, ಭಿನ್ನರಾಶಿ ತಲೆಗೆ ಹೋಗ್ದೇ ಇರೋ ಮಕ್ಳಿಗೆ ಉದ್ದುದ್ದ ಪೇಪರ್ ಪಟ್ಟಿ ಕೊಟ್ಟು ಮಡಚಿಸಿ ಮಡಚಿಸಿ ಮೂರರಲ್ಲಿ ಎರಡು, ಆರರಲ್ಲಿ ನಾಲ್ಕು ಎರಡೂ ಒಂದೇ ಅಂತ ಕೈಯಲ್ಲೇ ಕಾಣಿಸೋದು, ಪೆನ್ಸಿಲ್ ಮುಟ್ಟೋದೇ ಆಮೇಲೆ. ಅದನ್ನೂ ಫೋಟೋ ಸಮೇತ ಹಾಕಿದ್ರು.

ಮೊದ್ಲು ಆರ್‌ಎಫ್‌ಇ, ಅಂದ್ರೆ ಇನ್ನಷ್ಟು ದಾಖಲೆ ಕೊಡಿ ಅನ್ನೋ ಪತ್ರ ಬಂತು, ಆಮೇಲೆ ಡಿನೈ. ಅಪೀಲ್ ಹಾಕಿದ್ವಿ, ಐ-290ಬಿ ಅಂತೆ. ಅದೂ ಈಗ ಡಿಸ್ಮಿಸ್. ಆರ್ಡರ್ ಪಿಡಿಎಫ್ ನಂಗೂ ಕಳ್ಸಿದ್ಲು, ಓದ್ದೆ. ನಂಗೆ ಉರಿ ಹತ್ತಿದ್ದು ಎಲ್ಲಿ ಅಂದ್ರೆ, ಇವ್ರ ಕೆಲಸಕ್ಕೆ ಸಾಕಷ್ಟು ಮಹತ್ವ ಇದೆ ಅಂತ ಅವ್ರೇ ಒಪ್ಕೋತಾರೆ, ಮುಂದಿನ ಪ್ಯಾರಾದಲ್ಲೇ ರಾಷ್ಟ್ರೀಯ ಪ್ರಾಮುಖ್ಯತೆ ಇಲ್ಲ ಅಂತಾರೆ. ಇನ್ನೆರಡು ಪಾಯಿಂಟ್ ಇತ್ತಂತೆ, ಅದನ್ನ ನೋಡೋ ಅಗತ್ಯನೇ ಇಲ್ಲ ಅಂತ ಬಿಟ್ಟಿದಾರೆ. ಅಷ್ಟು ಲೆಟರ್ ಓದಿದ್ರೋ ಇಲ್ವೋ ದೇವರಿಗೇ ಗೊತ್ತು.

ಈಗ ಲಾಯರ್ ಹೇಳ್ತಿರೋದು ಮೋಶನ್ ಟು ರೀಓಪನ್, ಅಂದ್ರೆ ಕೇಸ್ ಮತ್ತೆ ತೆರೀರಿ ಅನ್ನೋ ಅರ್ಜಿ ಹಾಕೋಣ, ಹೊಸ ಲೆಟರ್‌ಗಳು ತರಿಸಿ ಅಂತ. ಅವ್ರ ಫೀಸ್ ಬೇರೆ, ಸರ್ಕಾರಿ ಫೀಸ್ ಬೇರೆ. ಟೈಮ್ ಇರೋದು ಮೂವತ್ತು ದಿನ. ಅಮ್ಮ ಹಾಸನಾಂಬೆ ಬಾಗ್ಲು ತೆಗ್ದಾಗ ಹುಂಡಿಗೆ ಚೀಟಿ ಬರ್ದು ಹಾಕಿ ಬಂದಿದಾರೆ, ಆದ್ರೆ ಚೀಟೀಲಿ ಮಗಳಿಗೆ ಗ್ರೀನ್ ಕಾರ್ಡ್ ಕೊಡು ಅಂತ ಬರೆದ್ರೋ ವಾಪಸ್ ಕಳಿಸು ಅಂತ ಬರೆದ್ರೋ ಹೇಳ್ತಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ, ಮೋಶನ್ ಹಾಕಿದ್ರೆ ಏನಾದ್ರೂ ಗಿಟ್ಟುತ್ತಾ?

---

ಶಾಂತಿಗ್ರಾಮ_ಟೀಚರ್:

ಓದಿ ಬೇಜಾರಾಯ್ತು ಕಣಪ್ಪ. ನಾನೂ ಇಪ್ಪತ್ತು ವರ್ಷದಿಂದ ಲೆಕ್ಕ ಪಾಠ ಮಾಡ್ತಿದೀನಿ, ಆ ಪೇಪರ್ ಪಟ್ಟಿ ಮಡಚೋದು ಇದ್ಯಲ್ಲ, ಅದು ಮಾಡ್ಸಿದೋರಿಗೇ ಗೊತ್ತು, ಛೇದ ಸಮ ಮಾಡೋದು ಬೋರ್ಡ್ ಮೇಲೆ ಹತ್ತು ಸಲ ಬರೆದ್ರೂ ಹತ್ತದ ಮಗು ಮಡಿಕೆ ಎಣಿಸಿದ ತಕ್ಷಣ ಓ ಅನ್ನುತ್ತೆ. ಅಂಥ ಟೀಚರ್ ಬೇಡ ಅಂದ್ರೆ ಅವ್ರ ಮಕ್ಳಿಗೇ ನಷ್ಟ. ಡಾಕ್ಟರ್‌ಗಳಿಗೆ ಇದೇ ವೇವರ್ ಸಲೀಸಾಗಿ ಸಿಗುತ್ತಂತೆ, ಟೀಚರ್ ಅಂದ್ರೆ ಮಾತ್ರ ಎಲ್ಲಾ ದೇಶದಲ್ಲೂ ಅಷ್ಟಕ್ಕಷ್ಟೇ.

---

ಅರಸೀಕೆರೆ_ಜಂಕ್ಷನ್:

ಹೇಮಾವತಿ ಅವ್ರೇ, ನಾನು ಅರಸೀಕೆರೆಯವ್ನು, ನ್ಯೂಜೆರ್ಸಿಲಿ ಒಂದು ಇಮಿಗ್ರೇಶನ್ ಲಾ ಆಫೀಸಲ್ಲಿ ಪೇಪರ್ ಕೆಲಸ ಮಾಡ್ತೀನಿ, ಲಾಯರ್ ಅಲ್ಲ, ಹಂಗಾಗಿ ನಾನು ಹೇಳೋದನ್ನ ಇನ್ನೊಬ್ಬ ಲಾಯರ್ ಹತ್ರ ಒಂದ್ಸಲ ಕೇಳ್ಕೊಳ್ಳಿ. ಆದ್ರೆ ಟೀಚರ್‌ಗಳ ಎನ್‌ಐಡಬ್ಲ್ಯು ಫೈಲ್ ಕೈಯಲ್ಲಿ ಬಂದಿದ್ದು ಸುಮಾರು ಇದೆ, ಕಥೆ ಎಲ್ಲಾದ್ರಲ್ಲೂ ಹೆಚ್ಚುಕಮ್ಮಿ ಒಂದೇ.

ಮೊದ್ಲು ಆ ಉರಿ ಹತ್ತಿದ ಪ್ಯಾರಾ ವಿಷ್ಯ. 2016ರ ಡಿಸೆಂಬರ್‌ನಿಂದ ಈ ವೇವರ್ ತೂಗೋದು ಧನಸಾರ್ ಅನ್ನೋ ಕೇಸಿನ ತೀರ್ಪಿನ ಪ್ರಕಾರ, ಅದಕ್ಕೂ ಮುಂಚೆ 1998ರ ನ್ಯೂಯಾರ್ಕ್ ಸಾರಿಗೆ ಇಲಾಖೆ ಕೇಸಿಂದು ನಡೀತಿತ್ತು. ಧನಸಾರ್‌ನಲ್ಲಿ ಮೂರು ಪ್ರಶ್ನೆ. ನೀವು ಮುಂದೆ ಮಾಡ್ತೀನಿ ಅಂತಿರೋ ಕೆಲಸಕ್ಕೆ ಹುರುಳಿದೆಯಾ ಮತ್ತೆ ಅದು ದೇಶಮಟ್ಟದ್ದಾ, ಅದನ್ನ ಮಾಡೋ ತಾಕತ್ತು ನಿಮಗಿದೆಯಾ, ಕೆಲಸದ ಆಫರ್ ಮತ್ತೆ ಲೇಬರ್ ಸರ್ಟಿಫಿಕೇಶನ್ (ಆ ಕೆಲಸಕ್ಕೆ ಅರ್ಹ ಅಮೆರಿಕನ್ನರು ಸಿಗ್ಲಿಲ್ಲ ಅನ್ನೋ ಲೇಬರ್ ಇಲಾಖೆ ಪ್ರಮಾಣಪತ್ರ) ಬಿಟ್ಟುಕೊಟ್ರೆ ಒಟ್ಟಾರೆ ಅಮೆರಿಕಾಗೆ ಲಾಭನಾ. ಮೊದಲ್ನೇ ಪ್ರಶ್ನೇಲೇ ಎರಡು ತುಂಡಿದೆ ನೋಡಿ, ಹುರುಳು ಬೇರೆ, ದೇಶಮಟ್ಟ ಬೇರೆ. ಪಾಠ ಮಾಡೋದಕ್ಕೆ ಹುರುಳಿಲ್ಲ ಅಂತ ಯಾವ ಆಫೀಸರೂ ಬರೆಯಲ್ಲ, ಅದನ್ನ ಯಾವಾಗ್ಲೂ ಒಪ್ಕೋತಾರೆ. ಎಡವೋದು ಎರಡನೇ ತುಂಡಲ್ಲಿ. ಅಲ್ಲಿ ಕೇಳೋದು ನೀವು ಒಳ್ಳೆ ಟೀಚರಾ ಅಂತಲ್ಲ, ನಿಮ್ಮ ಕೆಲಸದ ಪರಿಣಾಮ ನಿಮ್ಮ ಸ್ಕೂಲು, ನಿಮ್ಮ ಮಕ್ಳು ದಾಟಿ ಆಚೆ ಹೋಗುತ್ತಾ ಅಂತ. ಪೇರೆಂಟ್ಸ್ ಲೆಟರ್, ಮಾರ್ಕ್ಸ್ ಚಾರ್ಟ್ ಎಲ್ಲಾ ಎರಡನೇ ಪ್ರಶ್ನೆಗೆ ಉತ್ತರ, ಮೊದಲ್ನೇದಕ್ಕೆ ಅಲ್ವೇ ಅಲ್ಲ. ಹಂಗಾಗಿ ಲೆಟರ್ ಓದಿಲ್ಲ ಅಂತ ಅಂದ್ಕೋಬೇಡಿ, ಓದಿರ್ತಾರೆ, ಆ ಪ್ರಶ್ನೆಗೆ ಅದು ಕೆಲಸಕ್ಕೆ ಬರಲ್ಲ ಅಷ್ಟೇ. ಮೊದಲ್ನೇದ್ರಲ್ಲೇ ಬಿದ್ಮೇಲೆ ಉಳಿದೆರಡು ನೋಡೋದು ಬೇಕಿಲ್ಲ ಅನ್ನೋದೂ ಮಾಮೂಲಿ, ಅದಕ್ಕೆ 1976ರ ಸುಪ್ರೀಂ ಕೋರ್ಟಿನ ಬಾಗಮಾಸ್‌ಬಾದ್ ಕೇಸ್ ತೋರಿಸ್ತಾರೆ, ನಿಮ್ಮ ಆರ್ಡರಲ್ಲೂ ಕೊನೇ ಪುಟದಲ್ಲಿ ಇರಬೋದು ನೋಡಿ.

ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ದೇ ಇರೋದು. ಆ ಧನಸಾರ್ ಕೇಸಿನ ಅರ್ಜಿದಾರರೇ ಅರ್ಧ ಮೇಷ್ಟ್ರು. ಏರೋಸ್ಪೇಸ್ ಸಂಶೋಧನೆ ಮಾಡ್ತೀನಿ, ಜೊತೆಗೆ ಯೂನಿವರ್ಸಿಟೀಲಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಾಠನೂ ಮಾಡ್ತೀನಿ ಅಂತ ಅವ್ರ ಪ್ಲಾನ್. ಮೊದ್ಲು ರಿಜೆಕ್ಟ್ ಆಗಿ ಅಪೀಲಲ್ಲಿ ಗೆದ್ರು. ಆದ್ರೆ ಗೆದ್ದಿದ್ದು ಸಂಶೋಧನೆ ಮೇಲೆ. ಪಾಠದ ಭಾಗಕ್ಕೆ ಹುರುಳಿದೆ, ಆದ್ರೆ ಅದು ಸ್ಟೆಮ್ ಶಿಕ್ಷಣ ಕ್ಷೇತ್ರಕ್ಕೇ ವಿಶಾಲವಾಗಿ ಪರಿಣಾಮ ಬೀರುತ್ತೆ ಅಂತ ದಾಖಲೇಲಿ ಇಲ್ಲ ಅಂತ ಅದೇ ತೀರ್ಪಲ್ಲಿ ಬರ್ದಿದಾರೆ. ಅಂದ್ರೆ ಎಲ್ರೂ ಗೆಲ್ಲೋಕೆ ತೋರಿಸೋ ತೀರ್ಪಿನೊಳಗೇ ಟೀಚರ್‌ಗಳ ಸೋಲು ಕೂತಿದೆ. ಆಮೇಲೆ ಯುಎಸ್‌ಸಿಐಎಸ್, ಅಂದ್ರೆ ಅಲ್ಲಿಯ ವಲಸೆ ಇಲಾಖೆಯ ಪಾಲಿಸಿ ಮ್ಯಾನ್ಯುಯಲ್‌ಗೂ ಅದನ್ನ ಸೇರಿಸ್ಕೊಂಡ್ರು, ಕ್ಲಾಸ್‌ರೂಮಲ್ಲಿ ಪಾಠ ಮಾಡೋದೊಂದೇ ಸಾಮಾನ್ಯವಾಗಿ ಸಾಲಲ್ಲ ಅಂತ. ಇದನ್ನ ಹೇಳದೇ ಕೇಸ್ ಸ್ಟ್ರಾಂಗ್ ಅಂದ ಲಾಯರ್ ಬಗ್ಗೆ ನಾನು ಹೆಚ್ಚು ಮಾತಾಡಲ್ಲ.

ಟೀಚರ್ ಕೊರತೆ ವಾದನೂ ಅಷ್ಟೇ. ಕೊರತೆ ಇರೋದು ನಿಜ, ಅಲ್ಲಿಯ ಶಿಕ್ಷಣ ಇಲಾಖೆನೇ ಪ್ರತಿ ವರ್ಷ ಯಾವ ರಾಜ್ಯದಲ್ಲಿ ಯಾವ ಸಬ್ಜೆಕ್ಟಿಗೆ ಕೊರತೆ ಅಂತ ಪಟ್ಟಿ ಹಾಕುತ್ತೆ. ಆದ್ರೆ ಕೊರತೆ ಇದ್ರೆ ಅದನ್ನ ಪರೀಕ್ಷೆ ಮಾಡೋಕೇ ಲೇಬರ್ ಸರ್ಟಿಫಿಕೇಶನ್ ಅಂತ ದಾರಿ ಇದೆಯಲ್ಲ, ಅದ್ರಲ್ಲಿ ಬನ್ನಿ, ಅದನ್ನ ಬಿಟ್ಟುಕೊಡೋಕೆ ಇದು ಕಾರಣ ಆಗಲ್ಲ ಅಂತಾರೆ. ಸಿಟ್ಟು ಬಂದ್ರೂ ಲಾಜಿಕ್ ಸರಿ ಇದೆ.

ಶಾಂತಿಗ್ರಾಮ ಟೀಚರ್ ಮೇಡಂ, ಡಾಕ್ಟರ್‌ಗಳದ್ದು ಬೇರೆ ಕಥೆ. 1999ರಲ್ಲಿ ಅವ್ರಿಗಂತಲೇ ಕಾನೂನು ಮಾಡಿದ್ರು, ಡಾಕ್ಟರ್ ಕಮ್ಮಿ ಇರೋ ಕಡೆ ಐದು ವರ್ಷ ಫುಲ್‌ಟೈಮ್ ಕೆಲಸ ಮಾಡಿದ್ರೆ ವೇವರ್ ಅಂತ. ಟೀಚರ್‌ಗೆ ಅಂಥ ಕಾನೂನು ಇಲ್ಲ. ಇದು ಆಫೀಸರ್ ತಪ್ಪಲ್ಲ, ಸಂಸತ್ತು ಮಾಡ್ಬೇಕಾದ ಕೆಲಸ.

ಈಗ ಮೋಶನ್. ರೀಓಪನ್ ಅಂದ್ರೆ ಹೊಸ ಸಂಗತಿ ದಾಖಲೆ ಸಮೇತ ತೋರಿಸೋದು, ರೀಕನ್ಸಿಡರ್ ಅಂದ್ರೆ ಇದ್ದ ದಾಖಲೆ ಮೇಲೇ ಕಾನೂನು ತಪ್ಪಾಗಿ ಹಚ್ಚಿದೀರಾ ಅಂತ ವಾದ ಮಾಡೋದು. ಆದ್ರೆ ಅರ್ಜಿ ಹಾಕಿದ ದಿನ ಅರ್ಹತೆ ಇದ್ದಿರ್ಬೇಕು, ಆಮೇಲೆ ಮಾಡಿದ್ದು ಲೆಕ್ಕಕ್ಕಿಲ್ಲ, ಪ್ಲಾನ್‌ನೇ ಬದಲಾಯಿಸಿ ದೊಡ್ಡದು ಮಾಡ್ತೀನಿ ಅಂದ್ರೆ ಅದಕ್ಕೂ ಬಿಡಲ್ಲ, 1998ರ ಇಝುಮ್ಮಿ ಕೇಸ್ ಎತ್ತಿ ತೋರಿಸ್ತಾರೆ. ಪ್ಲಾನ್ ಅದೇ ಒಂದು ಸ್ಕೂಲಿಂದು ಇದ್ದಾಗ ಇನ್ನೂ ಹತ್ತು ಲೆಟರ್ ತಂದ್ರೆ ಏನು ಬಂತು? ಅಕ್ಕನ ಪ್ಲಾನ್ ಪತ್ರದಲ್ಲಿ ಏನಿತ್ತು ಅಂತ ಸರಿಯಾಗಿ ಹೇಳಿ, ಮತ್ತೆ ಎಚ್-1ಬಿ ಎಷ್ಟನೇ ವರ್ಷ? ಅದೇ ಇಲ್ಲಿ ಮುಖ್ಯ.

---

ದುದ್ದ_ಗೌಡ:

ಇಷ್ಟೆಲ್ಲ ಯಾಕ್ರೀ, ನಮ್ ಮಾವನ ಮಗ ನೋರಿ ಸರ್ಟಿಫಿಕೇಟ್ ತಗೊಂಡು ವೇವರ್ ಮಾಡ್ಸ್ಕೊಂಡ, ಇಂಡಿಯಾ ಸರ್ಕಾರ ಅಭ್ಯಂತರ ಇಲ್ಲ ಅಂತ ಬರೆದ್ರೆ ಮುಗೀತು. ಆಯಮ್ಮನೂ ಜೆ-1ನಲ್ಲೇ ಹೋಗಿದ್ದಲ್ವಾ, ಅದನ್ನೇ ಮಾಡ್ಸಿ.

---

ಅರಸೀಕೆರೆ_ಜಂಕ್ಷನ್:

ಗೌಡ್ರೇ ಅದು ಬೇರೆ ವೇವರ್. ಜೆ-1ನಲ್ಲಿ ಹೋದ ಕೆಲವರಿಗೆ ಎರಡು ವರ್ಷ ಊರಲ್ಲಿ ಇದ್ದು ಬನ್ನಿ ಅನ್ನೋ ಷರತ್ತು ಬೀಳುತ್ತೆ, ನಿಮ್ಮ ಮಾವನ ಮಗ ತೆಗೆಸಿದ್ದು ಅದನ್ನ. ಆ ಷರತ್ತು ಬೀಳೋದು ಒಂದೋ ಸರ್ಕಾರದ ದುಡ್ಡಲ್ಲಿ ಹೋದವ್ರಿಗೆ, ಇಲ್ಲಾ ಯಾವ ದೇಶಕ್ಕೆ ಯಾವ ಪರಿಣತಿ ಬೇಕು ಅನ್ನೋ ದೇಶವಾರು ಸ್ಕಿಲ್ಸ್ ಲಿಸ್ಟಲ್ಲಿ ಇರೋರಿಗೆ, ಇಲ್ಲಾ ಅಲ್ಲಿ ಟ್ರೈನಿಂಗ್ ಮಾಡೋ ಡಾಕ್ಟರ್‌ಗಳಿಗೆ. 2024ರ ಡಿಸೆಂಬರ್ 9ರಿಂದ ಸ್ಕಿಲ್ಸ್ ಲಿಸ್ಟಿಂದ ಇಂಡಿಯಾನ ತೆಗೆದೇ ಬಿಟ್ರು, ಹಳಬರಿಗೂ ಅನ್ವಯ. ಇವ್ರ ಅಕ್ಕ ಎಚ್-1ಬಿಗೆ ಬಂದಾಗಿದೆ, ಅಂದ್ಮೇಲೆ ಆ ತೊಡಕು ಇಲ್ಲ. ಈಗ ಕೈ ತಪ್ಪಿದ್ದು ಗ್ರೀನ್ ಕಾರ್ಡ್ ಅರ್ಜಿ.

---

ಹೇಮಾವತಿ_ದಂಡೆ:

ಅರಸೀಕೆರೆ ಅಣ್ಣ, ಇಷ್ಟು ಬಿಡಿಸಿ ಇದುವರೆಗೂ ಯಾರೂ ಹೇಳಿರ್ಲಿಲ್ಲ, ದುಡ್ಡು ಇಸ್ಕೊಂಡೋರೂ ಹೇಳ್ಲಿಲ್ಲ. ರಾತ್ರಿ ಅಕ್ಕನ ಹತ್ರ ಮಾತಾಡಿ ಆ ಪ್ಲಾನ್ ಪತ್ರ ತರಿಸ್ಕೊಂಡು ನೋಡ್ದೆ. ಮೂರು ಪುಟ ಇದೆ, ಅದ್ರಲ್ಲಿ ಎರಡು ಪುಟ ಅಮೆರಿಕಾದಲ್ಲಿ ಗಣಿತದ ಪರಿಸ್ಥಿತಿ ಹಿಂಗಿದೆ ಹಂಗಿದೆ, ಚೀನಾ ಮುಂದೆ ಹೋಗ್ತಿದೆ ಅಂತೆಲ್ಲಾ ಪುರಾಣ, ಅದು ಲಾಯರ್ ಆಫೀಸಿಂದೇ ಬಂದಿದ್ದು, ಅಕ್ಕ ಬರ್ದಿದ್ದಲ್ಲ. ಕೊನೇಲಿ ನಾನು ಮಿಡ್ಲ್ ಸ್ಕೂಲ್ ಗಣಿತ ಶಿಕ್ಷಕಿಯಾಗಿ ಮುಂದುವರೀತೀನಿ, ಹಿಂದುಳಿದ ಮಕ್ಕಳನ್ನ ಮೇಲೆ ತರ್ತೀನಿ ಅಂತ ಐದಾರು ಸಾಲು. ಅಷ್ಟೇ. ಪೇಪರ್ ಪಟ್ಟಿ ವಿಷ್ಯ ಪ್ಲಾನಲ್ಲಿ ಇಲ್ಲವೇ ಇಲ್ಲ, ಹಿಂದೆ ಎಲ್ಲೋ ಫೋಟೋ ಜೊತೆ ಅಟ್ಯಾಚ್‌ಮೆಂಟ್‌ನಲ್ಲಿದೆ.

ಇನ್ನೊಂದು ವಿಷ್ಯ ಅಕ್ಕ ಈಗ ಹೇಳ್ತಿದಾಳೆ, ಪಕ್ಕದ ಎರಡು ಸ್ಕೂಲಿನ ಟೀಚರ್‌ಗಳಿಗೆ ಬೇಸಿಗೆ ರಜೇಲಿ ಆ ಪದ್ಧತಿ ಹೇಳ್ಕೊಟ್ಟಿದೀನಿ, ಅವ್ರೂ ಬಳಸ್ತಿದಾರೆ ಅಂತ. ಇದನ್ನ ಯಾಕೆ ಹಾಕ್ಲಿಲ್ಲ ಅಂದ್ರೆ ಯಾರೂ ಕೇಳ್ಲಿಲ್ಲ ಅಂತಾಳೆ.

ಎಚ್-1ಬಿ ನಾಲ್ಕನೇ ವರ್ಷ ಮುಗೀತಾ ಬಂತು. ಮತ್ತೆ ಕೋರ್ಟಿಗೆ ಹೋಗ್ಬೋದು ಅಂತಾನೂ ಲಾಯರ್ ಒಂದು ಮಾತು ಬಿಟ್ಟಿದಾರಂತೆ. ಈ ರಿಜೆಕ್ಟ್‌ನಿಂದ ಅವಳ ಈಗಿನ ವೀಸಾಗೆ ಏನಾದ್ರೂ ಆಗುತ್ತಾ ಅನ್ನೋ ಭಯನೂ ಇದೆ ನಮಗೆ.

---

ಅರಸೀಕೆರೆ_ಜಂಕ್ಷನ್:

ಭಯ ಬೇಡ, ಎಚ್-1ಬಿಗೆ ಏನೂ ಆಗಲ್ಲ. ಎಚ್-1ಬಿಲಿ ಇದ್ಕೊಂಡು ಗ್ರೀನ್ ಕಾರ್ಡಿಗೆ ಪ್ರಯತ್ನ ಪಡೋದಕ್ಕೆ ಕಾನೂನೇ ಅವಕಾಶ ಕೊಟ್ಟಿದೆ. ಜೆ-1ನಲ್ಲಿ ಇದ್ದಿದ್ರೆ ಮಾತು ಬೇರೆ ಇತ್ತು, ಅಲ್ಲಿ ವಾಪಸ್ ಹೋಗೋ ಮನಸ್ಸಿದೆ ಅಂತ ತೋರಿಸ್ಬೇಕು. ಮುಂದೆ ಯಾವ ವೀಸಾ ಫಾರ್ಮ್ ತುಂಬಿದ್ರೂ, ಡಿಎಸ್-160ಲಿ ನಿಮ್ಮ ಪರವಾಗಿ ಇಮಿಗ್ರಂಟ್ ಅರ್ಜಿ ಹಾಕಿದ್ರಾ ಅಂತ ಕೇಳ್ತಾರೆ, ತಾನೇ ಹಾಕ್ಕೊಂಡಿದ್ದು, ರಿಜೆಕ್ಟ್ ಆಗಿದ್ದು, ಅದಕ್ಕೂ ಹೌದು ಅಂತಲೇ ಬರೀಬೇಕು. ಮುಚ್ಚಿಟ್ರೆ ಅದೇ ದೊಡ್ಡ ತಲೆನೋವು.

ಕೋರ್ಟು ಅಂದ್ರಲ್ಲ, ಹೋಗ್ಬೋದು, ಆದ್ರೆ ಈ ವೇವರ್ ಕೊಡೋದು ಬಿಡೋದು ಅವ್ರ ವಿವೇಚನೆ ಅಂತ ಕಾನೂನಲ್ಲೇ ಇದೆ, ಅದನ್ನ ನಾವು ಕೆದಕಲ್ಲ ಅಂತ 2019ರಲ್ಲಿ ಪೂರ್ಸಿನಾ ಕೇಸಲ್ಲಿ 9ನೇ ಸರ್ಕ್ಯೂಟ್ ಅನ್ನೋ ಅಲ್ಲಿಯ ಮೇಲ್ಮನವಿ ಕೋರ್ಟ್ ಹೇಳಾಗಿದೆ. ಟೀಚರ್ ಸಂಬಳದಲ್ಲಿ ಆ ಜೂಜು ಬೇಡ. ಮೋಶನ್‌ಗೂ ಬರೀ ಸರ್ಕಾರಿ ಫೀಸೇ 800 ಡಾಲರ್, 2024ರ ಏಪ್ರಿಲ್‌ನಿಂದ. ನಿಮ್ಮ ಪ್ಲಾನ್ ಪತ್ರದ ವಿವರ ಕೇಳಿದ್ಮೇಲೆ ನನ್ನ ಅಭಿಪ್ರಾಯ ಇನ್ನೂ ಗಟ್ಟಿಯಾಯ್ತು, ಮೋಶನ್‌ಗೆ ಒಂದು ರೂಪಾಯಿನೂ ಹಾಕ್ಬೇಡಿ.

ಈಗ ನಿಮಗೆ ಓಡ್ತಿರೋ ಗಡಿಯಾರ ಆ ಮೂವತ್ತು ದಿನದ್ದಲ್ಲ, ಎಚ್-1ಬಿದು. ಅದು ಆರು ವರ್ಷಕ್ಕೆ ನಿಲ್ಲುತ್ತೆ. ಆದ್ರೆ ಆರನೇ ವರ್ಷ ಮುಗಿಯೋಕೆ 365 ದಿನ ಮುಂಚೆ, ಅಂದ್ರೆ ಐದನೇ ವರ್ಷ ಮುಗಿಯೋದ್ರೊಳಗೆ, ಸ್ಕೂಲಿನ ಕಡೆಯಿಂದ ಪರ್ಮ್ ಅಂದ್ರೆ ಲೇಬರ್ ಸರ್ಟಿಫಿಕೇಶನ್ ಅರ್ಜಿ ಬಿದ್ದಿದ್ರೆ ಆಮೇಲೂ ಒಂದೊಂದು ವರ್ಷ ಎಕ್ಸ್‌ಟೆನ್ಶನ್ ಸಿಗುತ್ತೆ, ಐ-140 ಅಪ್ರೂವ್ ಆಗಿದ್ರೆ ಮೂರು ಮೂರು ವರ್ಷ. ಈ ತಾರೀಕು ತಪ್ಪಿದ್ರೆ ಊರಿಗೆ ಬರ್ಬೇಕಾಗ್ಬೋದು. ಪರ್ಮ್ ಅರ್ಜಿ ಬೀಳೋದೂ ಇವತ್ತು ಹೇಳಿ ನಾಳೆ ಆಗೋದಲ್ಲ. ಮೊದ್ಲು ಲೇಬರ್ ಇಲಾಖೆಯಿಂದ ಸಂಬಳದ ಮಟ್ಟ ತರಿಸ್ಬೇಕು, ಅದಕ್ಕೇ ತಿಂಗಳುಗಟ್ಟಲೆ. ಆಮೇಲೆ ಎರಡು ಭಾನುವಾರದ ಪೇಪರಲ್ಲಿ ಜಾಹೀರಾತು, ರಾಜ್ಯದ ಉದ್ಯೋಗ ಕಚೇರೀಲಿ 30 ದಿನ ಕೆಲಸದ ನೋಟಿಸು, ಇನ್ನೂ ಮೂರು ಥರ ಪ್ರಚಾರ, ಅರ್ಹ ಅಮೆರಿಕನ್ ಟೀಚರ್ ಯಾರೂ ಬರ್ಲಿಲ್ಲ ಅಂದ್ರೆ ಮಾತ್ರ ಅರ್ಜಿ. ಯಾರಾದ್ರೂ ಒಬ್ರು ಅರ್ಹರು ಬಂದ್ರೋ ಅಲ್ಲಿಗೆ ನಿಂತ್ಹೋಯ್ತು. ಕೊರತೆ ನಿಜವಾಗ್ಲೂ ಇದ್ರೆ ಇಲ್ಲಿ ಅದು ನಿಮ್ಮ ಅಕ್ಕನ ಪರ ಕೆಲಸ ಮಾಡುತ್ತೆ.

ಎಚ್‌ಆರ್‌ನವ್ರು ಪದ್ಧತಿ ಇಲ್ಲ ಅಂದ್ರೆ ಅಲ್ಲಿಗೆ ಬಿಡ್ಬೇಡಿ, ಪ್ರಿನ್ಸಿಪಾಲ್ ಮೂಲಕ ಸೂಪರಿಂಟೆಂಡೆಂಟ್, ಅಂದ್ರೆ ಸ್ಕೂಲ್ ಡಿಸ್ಟ್ರಿಕ್ಟ್ ಮುಖ್ಯಸ್ಥರ ತನಕ ಹೋಗ್ಲಿ. ಬಹಳ ಡಿಸ್ಟ್ರಿಕ್ಟ್‌ಗಳು ಬೇಡ ಅನ್ನೋದು ಖರ್ಚಿಗೆ. ಪರ್ಮ್‌ನ ಲಾಯರ್ ಫೀಸು, ಜಾಹೀರಾತು ಖರ್ಚು ಎಲ್ಲಾ ಸ್ಕೂಲೇ ಕೊಡ್ಬೇಕು, ಟೀಚರ್ ಕೈಯಿಂದ ಇಸ್ಕೊಳ್ಳೋ ಹಾಗಿಲ್ಲ. ನಾನೇ ಕೊಡ್ತೀನಿ ಮಾಡ್ಸಿ ಅಂತ ಅಕ್ಕ ಹೇಳೋಕೆ ಹೋಗೋದು ಬೇಡ. ಎಚ್-1ಬಿ ಫೀಸನ್ನ ಪರದೇಶದ ಟೀಚರ್‌ಗಳ ಕೈಲಿ ಕಟ್ಟಿಸಿದ್ದಕ್ಕೆ 2011ರಲ್ಲಿ ಮೇರಿಲ್ಯಾಂಡ್ ರಾಜ್ಯದ ಒಂದು ದೊಡ್ಡ ಸ್ಕೂಲ್ ಡಿಸ್ಟ್ರಿಕ್ಟ್ ಸಾವಿರಕ್ಕೂ ಹೆಚ್ಚು ಟೀಚರ್‌ಗಳಿಗೆ ದುಡ್ಡು ವಾಪಸ್ ಕೊಟ್ಟಿದ್ದಲ್ದೆ ಎರಡು ವರ್ಷ ಹೊರಗಿನವ್ರನ್ನ ತಗೊಳ್ಳೋ ಹಾಗೇ ಇಲ್ಲ ಅಂತ ಆಯ್ತು. ಪಾಪ, ಅದ್ರಲ್ಲೂ ಪೆಟ್ಟು ತಿಂದಿದ್ದು ಟೀಚರ್‌ಗಳೇ, ವೀಸಾ ಮುಂದುವರೀಲಿಲ್ಲ.

---

ಮೂಡಿಗೆರೆ_ಮೇಡಂ:

ನಾನು ಅಮೆರಿಕಾದಲ್ಲಿ ಸ್ಪೆಷಲ್ ಎಜುಕೇಶನ್ ಪಾಠ ಮಾಡಿ ಈಗ ಚಿಕ್ಕಮಗಳೂರಿಗೆ ವಾಪಸ್ ಬಂದು ಇಲ್ಲೇ ಸ್ಕೂಲಲ್ಲಿರೋಳು, ಆದ್ರಿಂದ ಎರಡು ಮಾತು.

ಅರಸೀಕೆರೆಯವ್ರು ಹೇಳಿದ್ರಲ್ಲಿ ಮೋಶನ್ ಬೇಡ ಅನ್ನೋದು ನೂರಕ್ಕೆ ನೂರು ಸರಿ. ಆದ್ರೆ ಎನ್‌ಐಡಬ್ಲ್ಯು ಬಾಗ್ಲು ಟೀಚರ್‌ಗೆ ಪೂರ್ತಿ ಮುಚ್ಚಿದೆ ಅನ್ನೋ ಥರ ಕೇಳಿಸ್ತು, ಅದನ್ನ ನಾನು ಒಪ್ಪಲ್ಲ. ಹೊಸ ಅರ್ಜಿ ಯಾವಾಗ ಬೇಕಾದ್ರೂ ಹಾಕ್ಬೋದು, ಹಳೇದು ಬಿದ್ದಿದ್ದು ಅಡ್ಡ ಬರಲ್ಲ. ಆ ಪಕ್ಕದ ಸ್ಕೂಲಿನ ಟೀಚರ್‌ಗಳಿಗೆ ಹೇಳ್ಕೊಟ್ಟಿದ್ದು ಇದ್ಯಲ್ಲ, ಬೀಜ ಇರೋದು ಅಲ್ಲಿ. ಅದನ್ನೇ ಬೆಳೆಸ್ಲಿ. ಪದ್ಧತೀನ ಒಂದು ಕೈಪಿಡಿ ಮಾಡ್ಲಿ, ಬೇರೆ ಡಿಸ್ಟ್ರಿಕ್ಟ್ ಟೀಚರ್‌ಗಳಿಗೆ ಟ್ರೈನಿಂಗ್ ಕೊಡ್ಲಿ, ರಾಜ್ಯದ ಗಣಿತ ಟೀಚರ್‌ಗಳ ಸಮ್ಮೇಳನದಲ್ಲಿ ಮಂಡಿಸ್ಲಿ, ಯಾವ ಸ್ಕೂಲು ಎಷ್ಟು ದಿನ ಬಳಸ್ತು, ಏನಾಯ್ತು ಅಂತ ಆ ಸ್ಕೂಲಿನವ್ರೇ ಬರೆದುಕೊಟ್ಟ ಪತ್ರ ಇರ್ಲಿ. ಆಗ ಪ್ಲಾನ್ ಅನ್ನೋದು ನಾನು ಪಾಠ ಮಾಡ್ತೀನಿ ಅಂತ ಆಗಲ್ಲ, ಟೀಚರ್‌ಗಳನ್ನ ತಯಾರು ಮಾಡ್ತೀನಿ ಅಂತ ಆಗುತ್ತೆ. ಗೆಲ್ಲುತ್ತೆ ಅಂತ ಗ್ಯಾರಂಟಿ ಕೊಡ್ತಿಲ್ಲ. ಆದ್ರೆ ಅದು ಆಫೀಸರ್ ಕೇಳೋ ಪ್ರಶ್ನೆಗಾದ್ರೂ ಉತ್ತರ. ಅರ್ಜಿ ಮಾತ್ರ ಅದೆಲ್ಲಾ ಮಾಡಾದ್ಮೇಲೆ ಹಾಕ್ಬೇಕು, ಮಾಡ್ತೀನಿ ಅಂತ ಹೇಳಿ ಹಾಕೋದಲ್ಲ.

ಒಂದು ಕೆಲಸ ಮಾಡಿ, ಅಪೀಲ್ ಆಫೀಸಿನ ಹಳೇ ಆರ್ಡರ್‌ಗಳು ಹೆಸರು ತೆಗೆದು ಯುಎಸ್‌ಸಿಐಎಸ್ ಸೈಟಲ್ಲೇ ಇರ್ತಾವೆ, ಪುಕ್ಸಟ್ಟೆ. ಟೀಚರ್ ಅಂತ ಹುಡುಕಿ ಹತ್ತು ಹದಿನೈದು ಓದಿ. ನಾನು ನನ್ನ ಕೇಸಿಗೆ ಲಾಯರ್ ಹಿಡಿಯೋ ಮುಂಚೆ ಅದನ್ನೇ ಮಾಡಿದ್ದು, ಓದಿ ಆದ್ಮೇಲೆ ಅರ್ಜಿನೇ ಹಾಕ್ಲಿಲ್ಲ. ನಂಗೆ ಕ್ಲಾಸ್‌ರೂಮಲ್ಲಿ ಇರೋದೇ ಇಷ್ಟ ಇತ್ತು, ಟ್ರೈನಿಂಗ್ ಕೊಡ್ಕೊಂಡು ಊರೂರು ಸುತ್ತೋದು ಆಗದ ಮಾತು. ನಿಮ್ಮಕ್ಕನಿಗೂ ಇದನ್ನ ಕೇಳಿ ನೋಡಿ, ಅವಳಿಗೆ ಆ ದೊಡ್ಡ ಕೆಲಸ ನಿಜವಾಗ್ಲೂ ಬೇಕಾ, ಇಲ್ಲಾ ಬರೀ ಕಾರ್ಡಿಗೋಸ್ಕರನಾ ಅಂತ.

ಮತ್ತೆ ಇಲ್ಲಿ ಯಾರೂ ಎತ್ತದ ವಿಷ್ಯ. ಅಪೀಲ್ ಗೆದ್ದಿದ್ರೂ ಕಾರ್ಡ್ ಕೈಗೆ ಬರ್ತಿರ್ಲಿಲ್ಲ. ವರ್ಷಕ್ಕೆ ಉದ್ಯೋಗದ ಲೆಕ್ಕದಲ್ಲಿ ಸುಮಾರು 1,40,000 ಕಾರ್ಡು, ಅದ್ರಲ್ಲಿ ಇಬಿ-2ಗೆ ಶೇ. 28.6, ಒಂದು ದೇಶಕ್ಕೆ ಶೇ. 7ರ ಮಿತಿ. 2025ರ ಕೊನೇಲೂ ಇಂಡಿಯಾದ ಇಬಿ-2 ಸಾಲು 2013ರಲ್ಲೇ ನಿಂತಿತ್ತು. ಅಂದ್ರೆ ಹನ್ನೆರಡು ವರ್ಷದ ಹಿಂದೆ ಹಾಕಿದವ್ರ ಸರದಿ. ಸ್ಕೂಲ್ ಮೂಲಕ ಇಬಿ-3, ಅಂದ್ರೆ ಅದ್ರ ಕೆಳಗಿನ ವರ್ಗದಲ್ಲಿ ಹೋದ್ರೂ ಅದೇ 2013. ಸೋತಿದ್ರಿಂದ ಕಳ್ಕೊಂಡಿದ್ದು ಕಾರ್ಡಲ್ಲ, ಸಾಲಲ್ಲಿ ನಿಲ್ಲೋ ತಾರೀಕು. ರಿಜೆಕ್ಟ್ ಆದ ಅರ್ಜಿಯ ತಾರೀಕು ಮುಂದಿನದಕ್ಕೆ ಬರಲ್ಲ.

---

ದುದ್ದ_ಗೌಡ:

ಹನ್ನೆರಡು ವರ್ಷ ಕಾಯೋ ಬದ್ಲು ಬಂದ್ಬಿಡ್ಲಿ ಬುಡಿ ಅತ್ಲಾಗೆ. ಇಲ್ಲೇನು ಮಕ್ಳಿಲ್ವಾ ಲೆಕ್ಕ ಕಲಿಯೋಕೆ. ಬೇಕಾದ್ರೆ ಆಮೇಲೆ ಇನ್ನೊಂದು ಸ್ಕೂಲ್ ನೋಡ್ಕೊಂಡು ಹೋದ್ರಾಯ್ತು.

---

ಮೂಡಿಗೆರೆ_ಮೇಡಂ:

ಬರೋದು ಅವಳಿಷ್ಟ ಗೌಡ್ರೇ, ಬಂದ್ರೆ ನಷ್ಟ ಅಂತ ನಾನೂ ಹೇಳಲ್ಲ, ನಾನೇ ಬಂದಿದೀನಿ, ಇಲ್ಲಿ ಸಂಬಳ ಏನು ಅಂತ ಮಾತ್ರ ಕೇಳ್ಬೇಡಿ. ಆದ್ರೆ ಆಮೇಲೆ ಹೋದ್ರಾಯ್ತು ಅನ್ನೋದು ಈಗ ಸುಲಭ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಲ್ಲಿ ಇರೋರಿಗೆ ಹಾಕೋ ಹೊಸ ಎಚ್-1ಬಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ ಆದೇಶ ಬಂತಲ್ಲ, ಯಾವ ಸ್ಕೂಲ್ ಡಿಸ್ಟ್ರಿಕ್ಟ್ ಒಬ್ಬ ಲೆಕ್ಕದ ಟೀಚರ್‌ಗೆ ಅಷ್ಟು ಕಟ್ಟುತ್ತೆ? ಅಲ್ಲೇ ಇದ್ದು ಎಕ್ಸ್‌ಟೆನ್ಶನ್ ಮಾಡ್ಸ್ಕೊಳ್ಳೋರಿಗೆ ಅದಿಲ್ಲ. ಸಿಟ್ಟಲ್ಲಿ ಟಿಕೆಟ್ ಬುಕ್ ಮಾಡೋದು ಬೇಡ, ಅಷ್ಟೇ.

---

ಶಾಂತಿಗ್ರಾಮ_ಟೀಚರ್:

ಮೂಡಿಗೆರೆ ಮೇಡಂ, ಕ್ಲಾಸಲ್ಲಿ ಇರೋದೇ ಇಷ್ಟ ಅಂದ್ರಲ್ಲ, ನಂಗೂ ಅದೇ. ಕ್ಲಾಸ್ ಬಿಟ್ಟು ಟ್ರೈನಿಂಗ್ ಕೊಡೋರಿಗೆ ಬೆಲೆ, ಕ್ಲಾಸಲ್ಲಿ ನಿಂತೋರಿಗೆ ಇಲ್ಲ, ಇದು ನಮ್ಮ ಡಯಟ್‌ನಲ್ಲೂ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಹಂಗೇ ಅಮೆರಿಕಾದಲ್ಲೂ ಹಂಗೇ ಅಂತ ಇವತ್ತು ಗೊತ್ತಾಯ್ತು.

---

ಹೇಮಾವತಿ_ದಂಡೆ:

ಎಲ್ರಿಗೂ ಥ್ಯಾಂಕ್ಸ್. ನಿಮ್ಮೆಲ್ಲರ ಮಾತು ಅಕ್ಕನಿಗೆ ಓದಿ ಹೇಳ್ದೆ. ಮೋಶನ್ ಬೇಡ ಅಂತ ಆಯ್ತು. ಪ್ರಿನ್ಸಿಪಾಲ್ ಹತ್ರ ಸೋಮವಾರ ಮಾತಾಡ್ತಾಳಂತೆ, ಐದನೇ ವರ್ಷದ ತಾರೀಕು ಬರ್ಕೊಂಡು ಹೋಗ್ತೀನಿ ಅಂದ್ಲು. ಟ್ರೈನಿಂಗ್ ವಿಷ್ಯಕ್ಕೆ ಮಾತ್ರ ಮೂಡಿಗೆರೆ ಮೇಡಂ ಕೇಳಿದ ಪ್ರಶ್ನೆ ಕೇಳಿದ್ದಕ್ಕೆ ಸುಮ್ನಾದ್ಲು, ಆಮೇಲೆ ಫೋನಿಡೋ ಮುಂಚೆ, ಆ ಟೀಚರ್‌ಗಳಿಗೆ ಹೇಳ್ಕೊಡೋವಾಗ ಮಕ್ಳಿಗೆ ಹೇಳ್ಕೊಡೋದಕ್ಕಿಂತ ಕಷ್ಟ ಆಯ್ತು ಕಣೋ, ಅವ್ರು ಪಟ್ಟಿ ಮಡಚೋಕೇ ನಾಚ್ಕೋತಾರೆ ಅಂದ್ಲು. ಅದು ಹೌದೋ ಅಲ್ವೋ ನಂಗೆ ಅರ್ಥ ಆಗ್ಲಿಲ್ಲ.

ಕೊನೇದಾಗಿ ಒಂದು ಕೇಳ್ತೀನಿ. ಬೇರೆ ಲಾಯರ್ ಹತ್ರ ಹೋಗ್ಬೇಕು ಅಂದ್ರೆ ಹಳೇ ಫೈಲ್ ಬೇಕಲ್ವಾ, ಇವ್ರು ಮೋಶನ್ ಬೇಡ ಅಂದ್ಮೇಲೆ ಫೋನೇ ಎತ್ತುತ್ತಿಲ್ಲ. ಬಿಇಓ ಸಹಿ ಇರೋ ಒರಿಜಿನಲ್ ಒಂದು ಅಲ್ಲೇ ಇದೆ.

---

ಅರಸೀಕೆರೆ_ಜಂಕ್ಷನ್:

ಫೋನ್ ಬಿಡಿ, ಅಕ್ಕನ ಮೇಲ್ ಐಡಿಯಿಂದಲೇ ಬರಹದಲ್ಲಿ ಈಮೇಲ್ ಹಾಕ್ಸಿ. ನನ್ನ ಪೂರ್ತಿ ಫೈಲು, ಆರ್‌ಎಫ್‌ಇ ಉತ್ತರ, ಅಪೀಲ್ ಬ್ರೀಫ್ (ಅಪೀಲಿನ ಲಿಖಿತ ವಾದ), ಒರಿಜಿನಲ್ ದಾಖಲೆ ಇಂಥ ತಾರೀಕಿನೊಳಗೆ ಕಳ್ಸಿ ಅಂತ. ಕ್ಲೈಂಟ್ ಕೇಳಿದ್ಮೇಲೆ ಅವ್ರ ಪೇಪರ್ ವಾಪಸ್ ಕೊಡೋದು ಲಾಯರ್ ಕರ್ತವ್ಯ, ಕೊಡ್ಲಿಲ್ಲ ಅಂದ್ರೆ ಆ ರಾಜ್ಯದ ಬಾರ್‌ಗೆ, ಅಂದ್ರೆ ವಕೀಲರ ಮೇಲೆ ಕ್ರಮ ತಗೊಳ್ಳೋ ಸಂಸ್ಥೆಗೆ ದೂರು ಕೊಡ್ಬೋದು, ಬಾರ್ ಅನ್ನೋ ಮಾತು ಈಮೇಲಲ್ಲಿ ಕಂಡ ತಕ್ಷಣ ಬಹಳ ಜನ ಕಳ್ಸಿಬಿಡ್ತಾರೆ. ಬಂದ್ಮೇಲೆ ಆ ಬ್ರೀಫ್ ನಂಗೆ ಮೆಸೇಜ್ ಮಾಡಿ, ಹೆಸರು ವಿಳಾಸ ಎಲ್ಲಾ ಅಳಿಸಿ. ಪ್ರಿನ್ಸಿಪಾಲ್ ಏನಂದ್ರು ಅಂತಾನೂ ಹೇಳಿ.